ಟರ್ಬೋ ಎಂಜಿನ್: ಆರೈಕೆ, ಹದ ಮತ್ತು ದೋಷ ಪತ್ತೆ

ಒಂದು ಕಾಲದಲ್ಲಿ ‘ಟರ್ಬೋ’ ಎಂಬ ಅಕ್ಷರಗಳನ್ನು ನಮ್ಮ ರೈತರು ಕಾಣುತ್ತಿದ್ದುದು ಲಾರಿ, ಬಸ್ಸುಗಳ ಮೇಲೆ ಮಾತ್ರ. ಈಗ 50 ಅಶ್ವಶಕ್ತಿಯ ಆಸುಪಾಸಿನ ಮತ್ತು ಅದಕ್ಕೆ ಮೇಲ್ಪಟ್ಟ ಹಲವು ಟ್ರ್ಯಾಕ್ಟರುಗಳು, ಭತ್ತ ಕೊಯ್ಯುವ ದೊಡ್ಡ ಯಂತ್ರಗಳು, ತರಕಾರಿ ಸಾಗಿಸುವ ಪಿಕಪ್ ವಾಹನಗಳು ಟರ್ಬೋ ಹೊತ್ತೇ ಬರುತ್ತಿವೆ. ಯಂತ್ರ ಹೊಸದಾದರೂ ಅದನ್ನು ನಡೆಸುವ ರೂಢಿ ಮಾತ್ರ ಹಳೆಯದೇ ಉಳಿದಿದೆ. ಚಾಲೂ ಮಾಡಿದ ಕೂಡಲೇ ಗಾಡಿ ಎಳೆಯುವುದು, ಕೆಲಸ ಮುಗಿದ ಕ್ಷಣವೇ ಎಂಜಿನ್ ಬಂದ್ ಮಾಡುವುದು, ಗಾಳಿ ಶೋಧಕವನ್ನು ನೆಲಕ್ಕೆ ಬಡಿದು ಧೂಳು ಕೊಡವುವುದು, ಇವೆಲ್ಲ ಹಳೆಯ ಎಂಜಿನ್ ಹೇಗೋ ಸಹಿಸಿಕೊಂಡ ತಪ್ಪುಗಳು. ಟರ್ಬೋ ಇವನ್ನು ಸಹಿಸುವುದಿಲ್ಲ.

ಇನ್ನೊಂದು ಕಡೆಯಿಂದ ಹೊಸ ತೊಂದರೆಯೊಂದು ಬಂದಿದೆ. ಹಳ್ಳಿಯ ಯುವಕರು ಮೊಬೈಲಿನಲ್ಲಿ ಜಪಾನಿನ ವೇಗದ ಕಾರುಗಳನ್ನು ನೋಡಿ, ಅವುಗಳ ಶಕ್ತಿಯನ್ನು ಎರಡು ಪಟ್ಟು, ಮೂರು ಪಟ್ಟು ಏರಿಸುವ ಕ್ರಮವನ್ನು ಕೇಳಿ, ಅದೇ ಉಪಾಯವನ್ನು ಮನೆಯ ಟ್ರ್ಯಾಕ್ಟರಿಗೆ ಮಾಡಿಸಲು ಗ್ಯಾರೇಜಿಗೆ ಹೋಗುತ್ತಾರೆ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆ ಎರಡು ಟ್ರೈಲರ್ ಕಬ್ಬು ಎಳೆಯುವ ಟ್ರ್ಯಾಕ್ಟರುಗಳಿಗೆ ‘ಪಂಪು ಏರಿಸುವ’ ಆಸೆ ಹೆಚ್ಚು. ಕಬ್ಬಿನ ಹಂಗಾಮಿನ ನಡುವೆ ಪಿಸ್ಟನ್ ಕರಗಿ ನಿಂತ ಟ್ರ್ಯಾಕ್ಟರು ಆ ವರ್ಷದ ಬಾಡಿಗೆಯನ್ನೂ ಬ್ಯಾಂಕಿನ ಕಂತನ್ನೂ ಒಟ್ಟಿಗೆ ನುಂಗುತ್ತದೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ತಿಳಿದುಕೊಳ್ಳುವುದು ಒಳ್ಳೆಯದು.

ಟರ್ಬೋ ಮಾಡುವ ಕೆಲಸ

ಎಂಜಿನ್ನಿಗೆ ಡೀಸೆಲ್ ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಡೀಸೆಲಿಗೆ ಕಡಿಮೆಯೆಂದರೂ 10,000 ಲೀಟರ್ ಗಾಳಿ. ಇದು ಲೆಕ್ಕದ ಮಾತು; ಸಿಲಿಂಡರಿನೊಳಗೆ ಡೀಸೆಲ್ ಮತ್ತು ಗಾಳಿ ಬೆರೆಯಲು ಸಿಗುವ ಸಮಯ ಬಹಳ ಕಡಿಮೆಯಾದ್ದರಿಂದ ಹೊಗೆಯಿಲ್ಲದೆ ಉರಿಯಬೇಕಾದರೆ ಇದಕ್ಕಿಂತಲೂ ಹೆಚ್ಚು ಗಾಳಿ ಒದಗಬೇಕು.

ಸಾಧಾರಣ ಎಂಜಿನ್ ಪಿಸ್ಟನ್ ಕೆಳಗಿಳಿದಾಗ ಒಳಬರುವಷ್ಟು ಗಾಳಿಯನ್ನು ಮಾತ್ರ ಎಳೆದುಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರು 1905ರಲ್ಲಿ ಬೇರೆ ದಾರಿಯೊಂದಕ್ಕೆ ಪೇಟೆಂಟ್ ಪಡೆದರು. ಸೈಲೆನ್ಸರಿನ ಮೂಲಕ ಸುಮ್ಮನೆ ಹೊರಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದೇ ಅವರ ಉಪಾಯ. ಹೊಗೆಯ ಕಡೆಯ ಚಕ್ರ ಟರ್ಬೈನ್, ಗಾಳಿಯ ಕಡೆಯದು ಕಂಪ್ರೆಸರ್. ತೆಂಗಿನಕಾಯಿಯಷ್ಟು ದೊಡ್ಡದಾದ ಈ ಸಾಧನದ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ನಮ್ಮ ಟ್ರ್ಯಾಕ್ಟರಿನ ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗಿದರೆ ಹೆಚ್ಚು ಎನ್ನುತ್ತೇವೆ. ಇಷ್ಟು ವೇಗಕ್ಕೆ ಸಾಧಾರಣ ಗುಂಡಿನ ಬೇರಿಂಗು ಸಾಲದೆಂದು ಹೆಚ್ಚಿನ ಟರ್ಬೋಗಳಲ್ಲಿ ಅಚ್ಚನ್ನು ಬುಷ್‌ಗಳೊಳಗೆ, ಎಣ್ಣೆಯ ತೆಳುವಾದ ಪದರದ ಮೇಲೆ ತೇಲಿಸಿರುತ್ತಾರೆ. ಆ ಪದರ ಕೆಲವು ಸೆಕೆಂಡು ಇಲ್ಲವಾದರೂ ಬುಷ್ ಸವೆಯುತ್ತದೆ.

ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಇದು ಗೊತ್ತು. 30 ಡಿಗ್ರಿ ಸೆಂಟಿಗ್ರೇಡಿನ ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡಿದರೆ ಅದರ ಉಷ್ಣತೆ 120 ಡಿಗ್ರಿಯ ಸುತ್ತಮುತ್ತ ಏರುತ್ತದೆ. ಬಿಸಿ ಗಾಳಿ ಹಗುರ. ಹೀಗಾಗಿ ಒತ್ತಡ ಎರಡು ಪಟ್ಟಾದರೂ ಸಿಲಿಂಡರಿಗೆ ಸೇರುವ ಗಾಳಿಯ ತೂಕ ಒಂದೂವರೆ ಪಟ್ಟು ಮಾತ್ರ ಆಗುತ್ತದೆ. ಅದೇ ಗಾಳಿಯನ್ನು ರೇಡಿಯೇಟರಿನಂಥ ಒಂದು ಜಾಲರಿಯಲ್ಲಿ ಹಾಯಿಸಿ 60 ಡಿಗ್ರಿಗೆ ತಂದರೆ ತೂಕ 1.8 ಪಟ್ಟಾಗುತ್ತದೆ. ಈ ಜಾಲರಿಯೇ ಇಂಟರ್‌ಕೂಲರ್. ಮುಂಭಾಗದಲ್ಲಿ ರೇಡಿಯೇಟರಿನ ಜೊತೆಗಿರುವ ಈ ಭಾಗವನ್ನು ಅನೇಕರು ಅಲಂಕಾರವೆಂದು ತಿಳಿದು ಕೆಸರು ಮೆತ್ತಿದ್ದರೂ ತೊಳೆಯುವುದಿಲ್ಲ.

ಮಲೆನಾಡಿನ ರೈತರಿಗೆ ಟರ್ಬೋದಿಂದ ಇನ್ನೂ ಒಂದು ಅನುಕೂಲವಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಕೊಡಗು, ಚಿಕ್ಕಮಗಳೂರಿನ ಸುಮಾರು 1,000 ಮೀಟರ್ ಎತ್ತರದ ತೋಟಗಳಲ್ಲಿ ಸಾಧಾರಣ ಎಂಜಿನ್ ತನ್ನ ಶಕ್ತಿಯ ಹತ್ತನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಟರ್ಬೋ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಜಪಾನಿನ ಕಾರಿನ ಮಾತು

ಯುವಕರು ಹೇಳುವ ಕಾರುಗಳು ಸುಳ್ಳಲ್ಲ. ಜಪಾನಿನಲ್ಲಿ ನಿಸ್ಸಾನ್ ಕಂಪನಿ 1979ರಲ್ಲಿಯೇ ಟರ್ಬೋ ಜೋಡಿಸಿದ ಪ್ರಯಾಣಿಕ ಕಾರನ್ನು ಮಾರಾಟಕ್ಕೆ ತಂದಿತು. 1989ರಿಂದ 2002ರವರೆಗೆ ತಯಾರಾದ ಸ್ಕೈಲೈನ್ ಜಿಟಿ-ಆರ್ ಕಾರಿನಲ್ಲಿ 2.6 ಲೀಟರಿನ, ಆರು ಸಿಲಿಂಡರಿನ, ಎರಡು ಟರ್ಬೋಗಳ ಪೆಟ್ರೋಲ್ ಎಂಜಿನ್ ಇತ್ತು. ಟೊಯೋಟಾ ಕಂಪನಿಯ ಸುಪ್ರಾ ಕಾರಿನದು 3 ಲೀಟರಿನ ಎಂಜಿನ್. 280 ಅಶ್ವಶಕ್ತಿಗಿಂತ ಹೆಚ್ಚು ಘೋಷಿಸಬಾರದೆಂದು ಜಪಾನಿನ ಕಂಪನಿಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿದ್ದವು. ಅದು 2004ರವರೆಗೆ ನಡೆಯಿತು. ಆದರೆ ಈ ಎರಡೂ ಎಂಜಿನ್ನುಗಳ ಬ್ಲಾಕು ಎರಕದ ಕಬ್ಬಿಣದ್ದು, ಪಿಸ್ಟನ್ನಿನ ತಳಕ್ಕೆ ಎಣ್ಣೆ ಚಿಮ್ಮಿಸಿ ತಂಪು ಮಾಡುವ ಏರ್ಪಾಡು ಕಾರ್ಖಾನೆಯಲ್ಲೇ ಇತ್ತು. ಅಂದರೆ ಹೇಳಿದ ಶಕ್ತಿಗಿಂತ ಬಹಳ ಹೆಚ್ಚು ತಾಳುವಂತೆ ಅವುಗಳನ್ನು ಕಟ್ಟಲಾಗಿತ್ತು. ಹದ ಮಾಡುವವರು ಬಳಸಿಕೊಂಡದ್ದು ಆ ಉಳಿಕೆಯ ಬಲವನ್ನು. ಅಲ್ಲಿಯೂ ಮಿತಿ ಇಲ್ಲದಿರಲಿಲ್ಲ. ಸ್ಕೈಲೈನಿನ ಮೂಲ ಟರ್ಬೈನ್ ಚಕ್ರ ಪಿಂಗಾಣಿ ಜಾತಿಯ ಸಿರಾಮಿಕ್ ವಸ್ತುವಿನದು. ಗಾಳಿಯ ಒತ್ತಡವನ್ನು ಕಾರ್ಖಾನೆಯ ಅಳತೆಗಿಂತ ಬಹಳ ಏರಿಸಿದವರ ಕಾರುಗಳಲ್ಲಿ ಆ ಚಕ್ರ ಒಡೆದು ಚೂರಾದದ್ದುಂಟು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಪೆಟ್ರೋಲ್ ಎಂಜಿನ್ ಮತ್ತು ಡೀಸೆಲ್ ಎಂಜಿನ್ ಕೆಡುವ ದಾರಿ ಒಂದಕ್ಕೊಂದು ವಿರುದ್ಧ. ಟರ್ಬೋ ಇರುವ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಹೆಚ್ಚಿಸಿ ಪೆಟ್ರೋಲ್ ಕಡಿಮೆ ಬಿಟ್ಟರೆ ಅಪಾಯ. ಮಿಶ್ರಣ ಅವೇಳೆಯಲ್ಲಿ ಸಿಡಿದು, ನಾಕಿಂಗ್ ಆಗಿ, ಪಿಸ್ಟನ್ ಒಡೆಯುತ್ತದೆ. ಅದಕ್ಕಾಗಿಯೇ ಆ ಕಾರುಗಳನ್ನು ಹದ ಮಾಡುವವರು ಪೂರ್ಣ ಭಾರದಲ್ಲಿ ಇಂಧನವನ್ನು ಬೇಕಾದ್ದಕ್ಕಿಂತ ಹೆಚ್ಚು ಬಿಟ್ಟು ಸಿಲಿಂಡರನ್ನು ತಂಪಾಗಿ ಇಡುತ್ತಾರೆ. ಡೀಸೆಲಿನಲ್ಲಿ ಹಾಗಲ್ಲ. ಇಲ್ಲಿ ಇಂಧನ ಹೆಚ್ಚಾದಷ್ಟೂ ಬೆಂಕಿ ಹೆಚ್ಚು, ಹೊಗೆಯ ಉಷ್ಣತೆ ಹೆಚ್ಚು. ಗಾಳಿ ಹೆಚ್ಚಾದರೆ ತಂಪು. ‘ಡೀಸೆಲ್ ಜಾಸ್ತಿ ಬಿಟ್ಟರೆ ಎಂಜಿನ್ ತಂಪಾಗಿರುತ್ತದೆ’ ಎಂದು ಯಾರಾದರೂ ಹೇಳಿದರೆ ಅವರು ಪೆಟ್ರೋಲ್ ಕಾರಿನ ಪಾಠವನ್ನು ಡೀಸೆಲಿಗೆ ಒಪ್ಪಿಸುತ್ತಿದ್ದಾರೆಂದು ತಿಳಿಯಬೇಕು.

ಆ ಕಾರುಗಳು ‘ಪುಸ್ಸ್’ ಎಂದು ಗಾಳಿ ಬಿಡುವ ಸದ್ದಿನ ವಿಷಯವೂ ಹೀಗೆಯೇ. ಪೆಟ್ರೋಲ್ ಎಂಜಿನ್ನಿನ ಗಾಳಿಯ ದಾರಿಯಲ್ಲಿ ಒಂದು ತಟ್ಟೆ ಇರುತ್ತದೆ. ಕಾಲು ತೆಗೆದಾಗ ಅದು ಮುಚ್ಚಿಕೊಂಡು, ಒತ್ತಿದ ಗಾಳಿ ಹಿಂದಕ್ಕೆ ಹೊಡೆಯುವುದರಿಂದ ಅದನ್ನು ಹೊರಬಿಡಲು ಕವಾಟ ಬೇಕಾಯಿತು. ಸಾಧಾರಣ ಪಂಪಿನ ಡೀಸೆಲ್ ಟ್ರ್ಯಾಕ್ಟರಿನಲ್ಲಿ ಆ ತಟ್ಟೆಯೇ ಇಲ್ಲ. ಅಂಥ ಟ್ರ್ಯಾಕ್ಟರಿಗೆ ಈ ಕವಾಟ ಹಾಕಿಸಿದರೆ ಸಿಗುವುದು ಸದ್ದು ಮತ್ತು ಗಾಳಿ ಸೋರುವ ಹೊಸದೊಂದು ಜಾಗ.

ಪಂಪು ಏರಿಸಿದರೆ ಏನಾಗುತ್ತದೆ

ಡೀಸೆಲ್ ಪಂಪಿನಲ್ಲಿ ಗರಿಷ್ಠ ಇಂಧನವನ್ನು ನಿಗದಿ ಮಾಡುವ ತಿರುಪು ಇರುತ್ತದೆ. ಕಾರ್ಖಾನೆಯವರು ಅದಕ್ಕೆ ಮುದ್ರೆ ಹಾಕಿರುತ್ತಾರೆ. ಆ ಮುದ್ರೆ ಒಡೆದು ತಿರುಪು ತಿರುಗಿಸಿದರೆ ಮೊದಲ ದಿನ ಟ್ರ್ಯಾಕ್ಟರು ನಿಜವಾಗಿಯೂ ಚುರುಕಾಗುತ್ತದೆ, ರೈತರು ಮೋಸಹೋಗುವುದು ಇಲ್ಲಿಯೇ. ಕೆಲವು ಟರ್ಬೋ ಎಂಜಿನ್ನುಗಳ ಪಂಪಿನ ಮೇಲೆ ಒಂದು ಡಬ್ಬಿಯಂಥ ಭಾಗವೂ ಇರುತ್ತದೆ. ಟರ್ಬೋದ ಗಾಳಿಯ ಒತ್ತಡ ಏರುವವರೆಗೆ ಡೀಸೆಲನ್ನು ತಡೆದು ಹಿಡಿಯುವುದು ಅದರ ಕೆಲಸ. ಪಿಕಪ್ ಹೆಚ್ಚಲೆಂದು ಕೆಲವರು ಇದನ್ನೂ ಕೆದಕುತ್ತಾರೆ. ಆಗ ಗಾಡಿ ಎಳೆಯಲು ಹೊರಟಾಗಲೆಲ್ಲ ಕರಿಹೊಗೆಯ ಮೋಡ ಏಳುತ್ತದೆ.

ಕರಿಹೊಗೆ ಎಂದರೆ ಉರಿಯದೆ ಉಳಿದ ಡೀಸೆಲಿನ ಮಸಿ. ಅದು ನಿಮ್ಮ ದುಡ್ಡು. ಆದರೆ ಅದಕ್ಕಿಂತ ದೊಡ್ಡ ನಷ್ಟ ಶಾಖದ್ದು. ಪೂರ್ಣ ಭಾರದಲ್ಲಿ ಟರ್ಬೋ ಡೀಸೆಲಿನ ಹೊಗೆ 500ರಿಂದ 700 ಡಿಗ್ರಿವರೆಗೆ ಬಿಸಿಯಾಗಿರುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಅದಕ್ಕೆ ಬಹಳ ಮೊದಲೇ, 300 ಡಿಗ್ರಿ ದಾಟುತ್ತಿದ್ದಂತೆ ಈ ಮಿಶ್ರಲೋಹ ಬಲ ಕಳೆದುಕೊಳ್ಳುತ್ತದೆ. ಎಣ್ಣೆ ಮತ್ತು ನೀರು ನಿರಂತರ ತಂಪು ಮಾಡುತ್ತಿರುವುದರಿಂದ ಮಾತ್ರ ಪಿಸ್ಟನ್ ಉಳಿದಿರುತ್ತದೆ. ಹೊಲದಲ್ಲಿ ಉಳುವಾಗ ಟ್ರ್ಯಾಕ್ಟರು ಕಾರಿನಂತೆ ಹತ್ತು ಸೆಕೆಂಡು ಓಡಿ ಉಸಿರು ಬಿಡುವುದಿಲ್ಲ. ಎಂಟು ಗಂಟೆ ಪೂರ್ಣ ಭಾರದಲ್ಲಿ ದುಡಿಯುತ್ತದೆ. ಕಾರು ತಡೆದುಕೊಂಡ ಹದವನ್ನು ಟ್ರ್ಯಾಕ್ಟರು ತಡೆಯದಿರುವುದಕ್ಕೆ ಇದೇ ಕಾರಣ.

ಟರ್ಬೋ ಇಲ್ಲದ ಹಳೆಯ ಟ್ರ್ಯಾಕ್ಟರಿಗೆ ಗುಜರಿಯಿಂದ ತಂದ ಟರ್ಬೋ ಜೋಡಿಸುವವರೂ ಇದ್ದಾರೆ. ಕಾರ್ಖಾನೆಯವರು ಅದೇ ಎಂಜಿನ್ನಿಗೆ ಟರ್ಬೋ ಕೊಡುವಾಗ ಪಿಸ್ಟನ್, ಉಂಗುರ, ಕವಾಟ, ಹೆಡ್ ಗ್ಯಾಸ್ಕೆಟ್, ಎಣ್ಣೆಯ ಪಂಪು ಇವುಗಳಲ್ಲಿ ಬೇಕಾದುದನ್ನೆಲ್ಲ ಬದಲಿಸಿರುತ್ತಾರೆ. ಹೊರಗಿನಿಂದ ಕಾಣುವುದು ಟರ್ಬೋ ಒಂದೇ. ಕ್ಲಚ್ಚು, ಗೇರು, ಹಿಂದಿನ ಅಚ್ಚುಗಳೂ ಮೂಲ ಶಕ್ತಿಗೆ ತಕ್ಕಂತೆಯೇ ಕಟ್ಟಿದವು; ಎಂಜಿನ್ ತಾಳಿದರೆ ಇವು ಮುರಿಯುತ್ತವೆ.

ನಿಜವಾಗಿ ಶಕ್ತಿ ಸಾಲದೆಂದು ತೋರಿದರೆ ಪಂಪನ್ನು ಮುಟ್ಟುವ ಮೊದಲು ಚಕ್ರದ ಜಾರಿಕೆಯನ್ನು ಅಳೆಯಿರಿ. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ನೇಗಿಲು ಎತ್ತಿಕೊಂಡು ಹತ್ತು ಸುತ್ತು ಹೋದ ದೂರವನ್ನು ಅಳೆಯಬೇಕು. ಬಳಿಕ ನೇಗಿಲು ಇಳಿಸಿ ಉಳುತ್ತಾ ಹತ್ತು ಸುತ್ತಿನ ದೂರವನ್ನು ಅಳೆಯಬೇಕು. ಮೊದಲನೆಯದು 43 ಮೀಟರ್, ಎರಡನೆಯದು 37 ಮೀಟರ್ ಆದರೆ ಜಾರಿಕೆ ಶೇಕಡ 14. ಶೇಕಡ 15ರವರೆಗೆ ಚಿಂತೆಯಿಲ್ಲ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಎಂಜಿನ್ನಿನಲ್ಲಿ ಶಕ್ತಿಯಿದೆ, ನೆಲಕ್ಕೆ ಮುಟ್ಟುತ್ತಿಲ್ಲ ಎಂದರ್ಥ. ಟೈರಿನ ಸವೆತ, ಗಾಳಿಯ ಒತ್ತಡ, ಹಿಂದಿನ ಚಕ್ರದ ತೂಕ ನೋಡಿಕೊಳ್ಳಬೇಕು. ಇಂಥ ಟ್ರ್ಯಾಕ್ಟರಿಗೆ ಪಂಪು ಏರಿಸುವುದು ಕೆಸರಿನಲ್ಲಿ ಕಾಲು ಜಾರುವವನಿಗೆ ಇನ್ನಷ್ಟು ಊಟ ಹಾಕಿದಂತೆ. ಟ್ರ್ಯಾಕ್ಟರು ಹೊಸದಿದ್ದಾಗ ಕೊಡುತ್ತಿದ್ದ ಶಕ್ತಿ ಎಷ್ಟೆಂದು ತಿಳಿಯಬೇಕಾದರೆ ಮಧ್ಯಪ್ರದೇಶದ ಬುಧನಿಯಲ್ಲಿರುವ ಕೇಂದ್ರ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ಪರೀಕ್ಷಾ ವರದಿಗಳನ್ನು ನೋಡಬಹುದು. ಪಿ.ಟಿ.ಓ. ಶಕ್ತಿ ಮತ್ತು ಇಂಧನದ ಖರ್ಚು ಅವುಗಳಲ್ಲಿರುತ್ತವೆ. ವಿಸ್ತರಣಾ ಕಾರ್ಯಕರ್ತರು ತಮ್ಮ ಭಾಗದಲ್ಲಿ ಹೆಚ್ಚು ಮಾರಾಟವಾಗುವ ಮಾದರಿಗಳ ವರದಿಯನ್ನು ಇಟ್ಟುಕೊಂಡರೆ ರೈತರಿಗೆ ಉಪಕಾರವಾಗುತ್ತದೆ.

2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಯಿತು. ಆ ಬಳಿಕದ ಅನೇಕ ಎಂಜಿನ್ನುಗಳಲ್ಲಿ ಡೀಸೆಲಿನ ಪ್ರಮಾಣವನ್ನು ನಿರ್ಧರಿಸುವುದು ತಿರುಪಲ್ಲ, ಎಲೆಕ್ಟ್ರಾನಿಕ್ ಪೆಟ್ಟಿಗೆ. ಇವುಗಳನ್ನು ಊರಿನ ಗ್ಯಾರೇಜಿನಲ್ಲಿ ಬಿಚ್ಚಿಸಬಾರದು.

ದಿನನಿತ್ಯದ ಆರೈಕೆ

ಟರ್ಬೋದ ಆಯುಷ್ಯ ಮೂರು ವಿಷಯಗಳ ಮೇಲೆ ನಿಂತಿದೆ: ಶುದ್ಧ ಗಾಳಿ, ಶುದ್ಧ ಎಣ್ಣೆ, ಚಾಲಕನ ತಾಳ್ಮೆ.

ಚಾಲೂ ಮಾಡಿದ ಮೇಲೆ ಎಣ್ಣೆ ಟರ್ಬೋದ ಬುಷ್‌ಗಳನ್ನು ತಲುಪಲು ಕೆಲವು ಸೆಕೆಂಡು ಬೇಕು. ಎಣ್ಣೆಯ ಒತ್ತಡದ ದೀಪ ಆರಿದ ಬಳಿಕವೂ ಅರ್ಧ ನಿಮಿಷದಿಂದ ಒಂದು ನಿಮಿಷ ನಿಧಾನಗತಿಯಲ್ಲಿ ಬಿಡಬೇಕು. ಚಳಿಗಾಲದ ಬೆಳಿಗ್ಗೆ ಇನ್ನೂ ಸ್ವಲ್ಪ ಹೆಚ್ಚು. ನಿಲ್ಲಿಸುವಾಗ ಇದಕ್ಕಿಂತ ಹೆಚ್ಚು ಎಚ್ಚರ ಬೇಕು. ಭಾರ ಎಳೆದು ಬಂದ ಕೂಡಲೇ ಕೀಲಿ ತಿರುಗಿಸಿದರೆ ಎಣ್ಣೆಯ ಪಂಪು ನಿಂತುಹೋಗುತ್ತದೆ, ಕೆಂಡದಂಥ ಟರ್ಬೈನಿನ ಶಾಖ ಮಾತ್ರ ಅಚ್ಚಿನ ಕಡೆ ಹರಿಯುತ್ತಲೇ ಇರುತ್ತದೆ. ಅಲ್ಲಿ ನಿಂತ ಎಣ್ಣೆ ಬಾಣಲೆಯ ತಳ ಹತ್ತಿದಂತೆ ಕರಕಲಾಗಿ, ಎಣ್ಣೆಯ ಸಣ್ಣ ದಾರಿಗಳನ್ನು ಮುಚ್ಚುತ್ತದೆ. ಎರಡು ಮೂರು ನಿಮಿಷ ನಿಧಾನಗತಿಯಲ್ಲಿ ಓಡಿಸಿ ನಂತರ ಬಂದ್ ಮಾಡಬೇಕು. ಹಾಗೆಂದು ಗಂಟೆಗಟ್ಟಲೆ ನಿಧಾನಗತಿಯಲ್ಲಿ ಬಿಡುವುದೂ ಸರಿಯಲ್ಲ. ಆಗ ಟರ್ಬೋದಲ್ಲಿ ಒತ್ತಡ ಕಡಿಮೆಯಾಗಿ ಎಣ್ಣೆ ಸೀಲು ದಾಟಿ ಒಸರುತ್ತದೆ.

ಗಾಳಿ ಶೋಧಕ ಒಕ್ಕಣೆ ಕಾಲದಲ್ಲಿ ಅರ್ಧ ದಿನದಲ್ಲೇ ಕಟ್ಟಿಕೊಳ್ಳಬಹುದು. ಒಣ ಶೋಧಕವನ್ನು ನೆಲಕ್ಕೋ ಟೈರಿಗೋ ಬಡಿದರೆ ಕಾಗದ ಬಿರುಕು ಬಿಡುತ್ತದೆ. ಕೂದಲೆಳೆಯಷ್ಟು ಸೀಳಿನಲ್ಲಿ ನುಗ್ಗುವ ಧೂಳು ಕಂಪ್ರೆಸರ್ ಚಕ್ರದ ಅಲಗುಗಳನ್ನು ಮರಳುಕಾಗದದಂತೆ ತಿಕ್ಕಿ ಹಾಕುತ್ತದೆ. ಸಂಕುಚಿತ ಗಾಳಿಯನ್ನು 2 ಕಿಲೋ ಒತ್ತಡ ಮೀರದಂತೆ ಒಳಗಿನಿಂದ ಹೊರಕ್ಕೆ ಊದಬೇಕು. ಬಳಿಕ ಕತ್ತಲಲ್ಲಿ ಶೋಧಕದೊಳಗೆ ಬಲ್ಬು ಹಿಡಿದು ನೋಡಿದರೆ ಸೀಳು ಎಲ್ಲಿದ್ದರೂ ಬೆಳಕು ಕಾಣುತ್ತದೆ. ಒಳಗಿನ ಚಿಕ್ಕ ಶೋಧಕವನ್ನು ಶುದ್ಧ ಮಾಡಬಾರದು, ಬದಲಿಸಬೇಕು. ಶೋಧಕ ಸರಿಯಿದ್ದು, ಅದರಿಂದ ಟರ್ಬೋಗೆ ಬರುವ ರಬ್ಬರ್ ಕೊಳವೆಯ ಪಟ್ಟಿ ಸಡಿಲವಾಗಿದ್ದರೆ ಎಲ್ಲ ವ್ಯರ್ಥ. ಅಲ್ಲಿಂದ ನುಗ್ಗುವ ಧೂಳಿಗೆ ತಡೆಯೇ ಇಲ್ಲ.

ಎಣ್ಣೆಯ ವಿಷಯದಲ್ಲಿ ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಬಳಸಬೇಕು. ಹಳೆಯ ಟ್ರ್ಯಾಕ್ಟರಿಗೆ ಹಾಕಿ ಉಳಿದ ಎಣ್ಣೆಯನ್ನು ಟರ್ಬೋ ಎಂಜಿನ್ನಿಗೆ ಸುರಿಯುವ ಉಳಿತಾಯ ದುಬಾರಿಯಾಗುತ್ತದೆ. ಎಣ್ಣೆ ಬದಲಿಸುವ ಅವಧಿಯನ್ನು ತಿಂಗಳಲ್ಲಿ ಎಣಿಸದೆ ಗಂಟೆಯ ಮೀಟರಿನಲ್ಲಿ ಎಣಿಸಬೇಕು. ಮೀಟರು ಕೆಟ್ಟಿದ್ದರೆ ಅದನ್ನು ಮೊದಲು ಸರಿಮಾಡಿಸಬೇಕು. ಅರ್ಧಕ್ಕರ್ಧ ಟ್ರ್ಯಾಕ್ಟರುಗಳಲ್ಲಿ ಅದು ನಿಂತೇ ಇರುತ್ತದೆ ಎಂದು ನಮಗೆ ತೋರುತ್ತದೆ.

ದೋಷ ಪತ್ತೆ ಮಾಡುವ ಕ್ರಮ

ಟರ್ಬೋ ಇರುವ ಎಂಜಿನ್ನಿನಲ್ಲಿ ಏನೇ ತೊಂದರೆ ಬಂದರೂ ಟರ್ಬೋ ಮೇಲೆಯೇ ದೋಷ ಹೊರಿಸುವ ಅಭ್ಯಾಸ ಬೆಳೆದಿದೆ. ಬಹಳ ಸಲ ಟರ್ಬೋ ಕೆಟ್ಟಿರುವುದಿಲ್ಲ. ಕೆಟ್ಟಿದ್ದರೂ ಬೇರೊಂದು ತಪ್ಪಿನಿಂದ ಕೆಟ್ಟಿರುತ್ತದೆ. ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ ಖರ್ಚಿನ ಕಡೆ ಹೋಗಬೇಕು.

ಎಳೆತ ಕಡಿಮೆಯಾಗಿ ಕರಿಹೊಗೆ ಬರುತ್ತಿದ್ದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚಾಗಿದೆ. ಮೊದಲು ಶೋಧಕ. ಬಳಿಕ ಟರ್ಬೋದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಕೊಳವೆಗಳ ಜೋಡಣೆ. ಸೋರುವ ಜಾಗದಲ್ಲಿ ಎಣ್ಣೆ ಬೆರೆತ ಧೂಳಿನ ಗೆರೆ ಕಾಣುತ್ತದೆ, ಭಾರ ಬಿದ್ದಾಗ ಸೀಟಿ ಹೊಡೆದಂತೆ ಸದ್ದೂ ಬರುತ್ತದೆ. ಸಂಶಯವಿದ್ದರೆ ಕಾರ್ಯಾಗಾರದಲ್ಲಿ ಎಂಜಿನ್ ನಿಲ್ಲಿಸಿ ಕೊಳವೆಗೆ ಅರ್ಧ ಕಿಲೋದಷ್ಟು ಗಾಳಿ ತುಂಬಿಸಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಮೂರನೆಯದಾಗಿ ಎಂಜಿನ್ ಮತ್ತು ಟರ್ಬೋ ನಡುವಿನ ಹೊಗೆಯ ಕೊಳವೆ. ಗ್ಯಾಸ್ಕೆಟ್ ಒಡೆದಿದ್ದರೆ ಸುತ್ತ ಮಸಿ ಹಿಡಿದಿರುತ್ತದೆ, ಚಕ್ರ ತಿರುಗಿಸಬೇಕಾದ ಹೊಗೆ ಅಲ್ಲಿಯೇ ಪೋಲಾಗುತ್ತದೆ. ಇವೆಲ್ಲ ಸರಿಯಿದ್ದ ಮೇಲೆ ನಾಜಲ್ ಮತ್ತು ಪಂಪಿನ ಪರೀಕ್ಷೆ. ಕೆಲವು ಟರ್ಬೋಗಳಲ್ಲಿ ಹೆಚ್ಚಿನ ಹೊಗೆಯನ್ನು ಪಕ್ಕದಿಂದ ಬಿಡುವ ವೇಸ್ಟ್‌ಗೇಟ್ ಎಂಬ ಬಾಗಿಲು ಇರುತ್ತದೆ. ಅದು ತೆರೆದುಕೊಂಡೇ ಸಿಕ್ಕಿಬಿದ್ದರೂ ಎಳೆತ ಹೋಗುತ್ತದೆ. ಅದರ ಕಡ್ಡಿಯ ಉದ್ದವನ್ನು ಬದಲಿಸಿ ಒತ್ತಡ ಏರಿಸುವ ಕೆಲಸಕ್ಕೆ ಯಾರನ್ನೂ ಬಿಡಬೇಡಿ.

ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಇದಕ್ಕೆ ಟರ್ಬೋದ ಸೀಲು ಹೋಗಿದೆ ಎಂದು ತಕ್ಷಣ ತೀರ್ಮಾನಿಸುವುದು ತಪ್ಪು. ಟರ್ಬೋದಿಂದ ಎಣ್ಣೆ ತನ್ನ ಭಾರದಿಂದಲೇ ಕೆಳಗಿನ ಸಂಪಿಗೆ ಇಳಿಯಬೇಕು. ಇಳಿಯುವ ಕೊಳವೆ ಬಗ್ಗಿದ್ದರೆ, ಕಟ್ಟಿಕೊಂಡಿದ್ದರೆ ಅಥವಾ ಸಂಪಿನಲ್ಲಿ ಎಣ್ಣೆ ಗುರುತಿಗಿಂತ ಹೆಚ್ಚಿದ್ದರೆ ಎಣ್ಣೆ ಹಿಂದೆ ನಿಂತು, ಸರಿಯಾದ ಸೀಲನ್ನೂ ದಾಟಿ ಬರುತ್ತದೆ. ಎಂಜಿನ್ನಿನ ಉಸಿರು ಕೊಳವೆ ಮುಚ್ಚಿದ್ದರೂ ಇದೇ ಪರಿಣಾಮ. ಶೋಧಕ ಕಟ್ಟಿಕೊಂಡಿದ್ದರೆ ಕಂಪ್ರೆಸರ್ ಗಾಳಿ ಸಿಗದೆ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಇಂಟರ್‌ಕೂಲರ್ ಕೊಳವೆಯೊಳಗೆ ತೆಳುವಾದ ಎಣ್ಣೆಯ ಪಸೆ ಇದ್ದರೆ ಹೆದರಬೇಕಾಗಿಲ್ಲ. ಎಣ್ಣೆ ನಿಂತು ಸುರಿಯುವಂತಿದ್ದರೆ ಮಾತ್ರ ವಿಚಾರ ಮಾಡಬೇಕು.

ಟರ್ಬೋವನ್ನೇ ಪರೀಕ್ಷಿಸಬೇಕಾದರೆ ಎಂಜಿನ್ ನಿಂತು ಪೂರ್ತಿ ತಣ್ಣಗಾಗಿರಬೇಕು. ಓಡುವ ಟರ್ಬೋದ ಬಾಯಿಗೆ ಬೆರಳನ್ನಾಗಲಿ ಬಟ್ಟೆಯನ್ನಾಗಲಿ ಒಯ್ಯಬಾರದು. ಗಾಳಿಯ ಕೊಳವೆ ಬಿಚ್ಚಿ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿರಿ. ಸಲೀಸಾಗಿ ತಿರುಗಬೇಕು. ಅಚ್ಚನ್ನು ಅಡ್ಡಡ್ಡ ಅಲುಗಿಸಿದರೆ ಸ್ವಲ್ಪ ಆಡುತ್ತದೆ. ಎಣ್ಣೆಯ ಪದರಕ್ಕೆಂದು ಬಿಟ್ಟ ಜಾಗ ಅದು, ದೋಷವಲ್ಲ. ಇದನ್ನೇ ತೋರಿಸಿ ‘ಬೇರಿಂಗ್ ಹೋಗಿದೆ’ ಎಂದು ಹೊಸ ಟರ್ಬೋ ಮಾರುವುದುಂಟು. ಅಲುಗಿಸಿದಾಗ ಅಲಗು ಗೋಡೆಗೆ ತಾಗಿದರೆ ಅಥವಾ ಅಚ್ಚು ಒಳಕ್ಕೆ ಹೊರಕ್ಕೆ ಕಣ್ಣಿಗೆ ಕಾಣುವಷ್ಟು ಸರಿದರೆ ಮಾತ್ರ ಕೆಟ್ಟಿದೆ.

ಎಂಜಿನ್ ತಾನಾಗಿಯೇ ಓಡತೊಡಗಿದರೆ

ಇದು ಅಪರೂಪ, ಆದರೆ ಪ್ರಾಣಾಪಾಯದ್ದು. ಟರ್ಬೋದ ಸೀಲು ಪೂರ್ತಿ ಹೋಗಿ ಎಣ್ಣೆ ಧಾರೆಯಾಗಿ ಗಾಳಿಯ ದಾರಿಗೆ ಸೇರಿದರೆ ಎಂಜಿನ್ ಆ ಎಣ್ಣೆಯನ್ನೇ ಉರಿಸಿಕೊಂಡು ವೇಗ ಏರಿಸುತ್ತಾ ಹೋಗುತ್ತದೆ. ಕೀಲಿ ತೆಗೆದರೂ, ಡೀಸೆಲ್ ಕೊಳವೆ ಮುಚ್ಚಿದರೂ ನಿಲ್ಲುವುದಿಲ್ಲ. ಕೊನೆಗೆ ಕನೆಕ್ಟಿಂಗ್ ರಾಡು ಬ್ಲಾಕನ್ನು ಒಡೆದು ಹೊರಬರಬಹುದು. ಚಾಲಕ ಸೀಟಿನಲ್ಲೇ ಇದ್ದು ಮುಂದೆ ಯಾರೂ ಇಲ್ಲದಿದ್ದರೆ, ಎರಡೂ ಬ್ರೇಕನ್ನು ಬಲವಾಗಿ ಒತ್ತಿ, ಅತಿ ಮೇಲಿನ ಗೇರು ಹಾಕಿ, ಕ್ಲಚ್ಚನ್ನು ಒಮ್ಮೆಲೇ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸಬೇಕು. ಇನ್ನೊಂದು ದಾರಿ ಗಾಳಿ ನಿಲ್ಲಿಸುವುದು. ಶೋಧಕದ ಬಾಯಿಗೆ ಗಟ್ಟಿಯಾದ ಚಪ್ಪಟೆ ಹಲಗೆ ಒತ್ತಿ ಹಿಡಿಯಬೇಕು. ಅಂಗೈ ಇಡಬಾರದು, ಟವೆಲು, ಗೋಣಿ ಇಟ್ಟರೆ ಒಳಗೆ ಎಳೆದುಕೊಂಡು ಹೋಗುತ್ತದೆ. ವೇಗ ಆಗಲೇ ಅತಿಯಾಗಿ ಏರಿದ್ದರೆ ಎಂಜಿನ್ನಿನ ಪಕ್ಕಕ್ಕೆ ಹೋಗದೆ ದೂರ ಸರಿಯುವುದೇ ಸರಿ. ಯಂತ್ರ ಹೋದರೆ ಹೋಗಲಿ. ನೀಲಿ ಹೊಗೆ ದಿನದಿನಕ್ಕೆ ಹೆಚ್ಚುತ್ತಿದ್ದು, ಎಣ್ಣೆ ಪದೇ ಪದೇ ತುಂಬಬೇಕಾಗಿ ಬರುತ್ತಿದ್ದರೆ ಅದೇ ಇದರ ಮುನ್ಸೂಚನೆ. ಅಂಥ ಎಂಜಿನ್ನನ್ನು ‘ಸುಗ್ಗಿ ಮುಗಿಯಲಿ’ ಎಂದು ಓಡಿಸಬಾರದು.

ಕೊಯ್ಲು ಯಂತ್ರ, ಒಕ್ಕಣೆ ಯಂತ್ರಗಳ ಬಳಿ ಬೆಂಕಿಯ ಭಯವೂ ಇದೆ. ಟರ್ಬೈನ್ ಗೂಡು ಒಣ ಹುಲ್ಲು, ಹೊಟ್ಟು ಹೊತ್ತಿಕೊಳ್ಳುವಷ್ಟು ಬಿಸಿಯಾಗಿರುತ್ತದೆ. ಪ್ರತಿ ಊಟದ ವೇಳೆಯಲ್ಲಿ ಎಂಜಿನ್ ಆರಿಸಿ, ಬಿಸಿ ಇಳಿದ ಮೇಲೆ ಅದರ ಸುತ್ತ ಕೂತ ಹೊಟ್ಟನ್ನು ತೆಗೆಯಬೇಕು. ಪುಡಿಯ ಅಗ್ನಿಶಾಮಕವೊಂದು ಯಂತ್ರದ ಮೇಲೆಯೇ ಇರಲಿ. ಬಿಸಿ ಟರ್ಬೋ ಮೇಲೆ ತಣ್ಣೀರು ಹೊಡೆದು ತೊಳೆದರೆ ಎರಕದ ಗೂಡು ಬಿರುಕು ಬಿಡುತ್ತದೆ.

ಟರ್ಬೋ ಬದಲಿಸುವಾಗ

ಕೆಟ್ಟ ಟರ್ಬೋ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಆದ್ದರಿಂದ ಬಿಚ್ಚುವಾಗ ಎದುರಿಗೇ ಇದ್ದು ನೋಡಬೇಕು, ಹಳೆಯದನ್ನು ಕೇಳಿ ಪಡೆಯಬೇಕು. ಗಾಳಿಯ ಕಡೆಯ ಅಲಗುಗಳ ಅಂಚು ತೆಳ್ಳಗೆ ಸವೆದಿದ್ದರೆ ಧೂಳು ಹೊಕ್ಕಿದೆ. ಅಲ್ಲಿ ಏಟು ಬಿದ್ದ ಕಚ್ಚು ಇದ್ದರೆ ನಟ್ಟು, ಕಲ್ಲಿನಂಥದ್ದೇನೋ ಒಳಗೆ ಹೋಗಿದೆ. ಹೊಗೆಯ ಕಡೆಯ ಅಲಗು ಮುರಿದಿದ್ದರೆ ಎಂಜಿನ್ನಿನ ಒಳಗಿಂದಲೇ ಚೂರು ಬಂದಿದೆ. ಕವಾಟ, ಪಿಸ್ಟನ್ ಉಂಗುರ, ನಾಜಲಿನ ತುದಿಯನ್ನು ಪರೀಕ್ಷಿಸದೆ ಹೊಸ ಟರ್ಬೋ ಹಾಕಿಸಬಾರದು. ಅಚ್ಚು ನೀಲಿಗಟ್ಟಿದ್ದರೆ ಎಣ್ಣೆ ಮುಟ್ಟಿಲ್ಲ. ಗೀರುಗೀರಾಗಿದ್ದರೆ ಎಣ್ಣೆಯಲ್ಲಿ ಕೊಳೆಯಿತ್ತು. ಕಾರಣ ಕಂಡುಹಿಡಿಯದೆ ಹಾಕಿದ ಹೊಸ ಟರ್ಬೋ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಜೋಡಿಸುವಾಗ ಎಣ್ಣೆಯ ಕೊಳವೆಗಳನ್ನು ಪೂರ್ತಿ ಶುದ್ಧ ಮಾಡಬೇಕು. ಒಳಗೆ ಕರಕಲು ಹಿಡಿದಿದ್ದರೆ ಕೊಳವೆಯನ್ನೇ ಬದಲಿಸುವುದು ಲೇಸು. ಎಣ್ಣೆ ಬರುವ ಮತ್ತು ಹೋಗುವ ಜೋಡಣೆಗಳಿಗೆ ಗ್ಯಾಸ್ಕೆಟ್ ಮಾತ್ರ ಬಳಸಬೇಕು. ಕೆಲವು ಮೆಕ್ಯಾನಿಕ್ಕರು ಮೆತ್ತುವ ಅಂಟು ಒಳಕ್ಕೆ ಉಬ್ಬಿ, ತುಂಡಾಗಿ, ಎಣ್ಣೆಯ ದಾರಿಗೆ ಅಡ್ಡ ಬಿದ್ದು ಹೊಸ ಟರ್ಬೋ ಒಂದೇ ದಿನದಲ್ಲಿ ಹಾಳಾಗುತ್ತದೆ. ಹೊಸ ಎಣ್ಣೆ, ಹೊಸ ಎಣ್ಣೆ ಶೋಧಕ ಹಾಕಿ, ಟರ್ಬೋದ ಎಣ್ಣೆಯ ರಂಧ್ರಕ್ಕೆ ಶುದ್ಧ ಎಣ್ಣೆ ಸುರಿದು ಚಕ್ರವನ್ನು ಕೈಯಿಂದ ತಿರುಗಿಸಬೇಕು. ಆಮೇಲೆ ಬಂದ್ ಮಾಡುವ ಗುಂಡಿಯನ್ನು ಎಳೆದು ಹಿಡಿದುಕೊಂಡೇ, ಎಂಜಿನ್ ಹೊತ್ತದಂತೆ, ಎಣ್ಣೆಯ ದೀಪ ಆರುವವರೆಗೆ ಸ್ಟಾರ್ಟರನ್ನು ಹತ್ತು ಹತ್ತು ಸೆಕೆಂಡು ಬಿಟ್ಟು ಬಿಟ್ಟು ತಿರುಗಿಸಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಟ್ರ್ಯಾಕ್ಟರನ್ನು ಮೊದಲ ಸಲ ಚಾಲೂ ಮಾಡುವಾಗಲೂ ಸ್ಟಾರ್ಟರನ್ನು ಹೀಗೆಯೇ ತಿರುಗಿಸಿ ಎಣ್ಣೆ ಏರಿಸಿಕೊಳ್ಳಬೇಕು.